ಎಲ್ಲ ಹುಳಿಗೂ ಒಂದೇ ಕಣ!

ಗಾಜಿನ ಲೋಟದ ನೀರಿಗೆ ಚಿಟಿಕೆ ಅರಿಶಿನ ಕದಡಿ, ಎಲೆಯಡಿಕೆ ತಟ್ಟೆಯಲ್ಲಿರುವ ಸುಣ್ಣವನ್ನು ಕಡಲೆಕಾಳಿನಷ್ಟು ಅದಕ್ಕೆ ಹಾಕಿ ನೋಡಿ. ಚಮಚ ಒಂದು ಸುತ್ತು ತಿರುಗುವಷ್ಟರಲ್ಲಿ ಹಳದಿ ಮಾಯ! ಇಡೀ ಲೋಟ ರಕ್ತಗೆಂಪು. ಮದುಮಕ್ಕಳಿಗೆ, ಬಾಣಂತಿಗೆ, ತೊಟ್ಟಿಲ ಕೂಸಿಗೆ ದೃಷ್ಟಿ ತೆಗೆಯಲು ಎತ್ತುವ ಓಕುಳಿ ನೀರು ಇದೇ. ಅದಕ್ಕೆ ಯಾರೂ ಕೆಂಪು ಬಣ್ಣ ಬೆರೆಸಿಲ್ಲ. ಹಳದಿ ಪುಡಿ, ಬಿಳಿ ಸುಣ್ಣ, ಬಣ್ಣವೇ ಇಲ್ಲದ ನೀರು ಸೇರಿ ಕೆಂಪಾದವು. ಆಟ ಇಷ್ಟಕ್ಕೇ ಮುಗಿಯುವುದಿಲ್ಲ. ಅದೇ ಲೋಟಕ್ಕೆ ನಿಂಬೆಹಣ್ಣು ಹಿಂಡಿ. ಕೆಂಪು ಕಾಲ್ಕಿತ್ತು ಹಳದಿ ಮತ್ತೆ ಹಾಜರ್! ಇನ್ನಷ್ಟು ಸುಣ್ಣ ಹಾಕಿದರೆ ಮತ್ತೆ ಕೆಂಪು, ಇನ್ನೊಂದು ಹೋಳು ಹಿಂಡಿದರೆ ಮತ್ತೆ ಹಳದಿ.

ಏನಾಯಿತು ಅಲ್ಲಿ? ಅರಿಶಿನಕ್ಕೆ ಬಣ್ಣ ಬಂದಿರುವುದು ಕರ್ಕ್ಯುಮಿನ್ ಎಂಬ ಅಣುವಿನಿಂದ. ಸುಣ್ಣ ಬಿದ್ದೊಡನೆ ಆ ಅಣುವಿನ ಅಂಚಿನಿಂದ ಒಂದು ಕಣ ಕಳಚಿ ಹೋಗುತ್ತದೆ. ಅದು ಬಿಟ್ಟುಹೋದ ಎಲೆಕ್ಟ್ರಾನುಗಳು ಅಣುವಿನುದ್ದಕ್ಕೂ ಹೊಸ ರೀತಿಯಲ್ಲಿ ಹರಡಿಕೊಳ್ಳುತ್ತವೆ. ಅಲ್ಲಿಯವರೆಗೆ ನೀಲಿ ಬೆಳಕನ್ನು ನುಂಗುತ್ತಿದ್ದ ಅಣು ಈಗ ಹಸಿರಿನತ್ತಲೂ ಬಾಯಿ ಹಾಕುತ್ತದೆ. ನಮ್ಮ ಕಣ್ಣಿಗೆ ಉಳಿಯುವುದು ಕೆಂಪು. ನಿಂಬೆರಸ ಮಾಡುವುದು ಇಷ್ಟೇ: ಕಳೆದುಹೋದ ಕಣವನ್ನು ವಾಪಸ್ ತಂದುಕೊಡುತ್ತದೆ.

ಆ ಕಣದ ಹೆಸರು ಪ್ರೋಟಾನ್. ಶಾಲೆಯಲ್ಲಿ ಆಮ್ಲ, ಪ್ರತ್ಯಾಮ್ಲ, ಕ್ಷಾರ ಎಂದು ನಾವೆಲ್ಲ ಬಾಯಿಪಾಠ ಮಾಡಿದ ಅಧ್ಯಾಯವಿದೆಯಲ್ಲ, ಅದರ ಉದ್ದಗಲವೆಲ್ಲ ಈ ಒಂದೇ ಕಣದ ಕೊಡು-ಕೊಳ್ಳುವ ವ್ಯವಹಾರ. ಕೊಡುವುದು ಆಮ್ಲ, ಪಡೆಯುವುದು ಪ್ರತ್ಯಾಮ್ಲ. ಇಷ್ಟು ಸಣ್ಣ ವಾಕ್ಯವನ್ನು ಹಿಡಿಯಲು ಮನುಷ್ಯನಿಗೆ ಎರಡೂವರೆ ಶತಮಾನ ಬೇಕಾಯಿತು. ಹಿಡಿದ ಮೇಲೆ ಅದು ಎಲ್ಲೆಲ್ಲಿಗೆ ಕರೆದೊಯ್ಯಿತು ಎಂಬುದನ್ನು ನೋಡಿದರೆ ಇನ್ನೂ ಬೆರಗು!

ಹೂವಿನ ಪಾನಕದಿಂದ ಶುರು

1664ರಲ್ಲಿ ಇಂಗ್ಲೆಂಡಿನ ರಾಬರ್ಟ್ ಬಾಯ್ಲ್ ಬಣ್ಣಗಳ ಕುರಿತು ಒಂದು ಪುಸ್ತಕ ಪ್ರಕಟಿಸಿದ. ವಯೊಲೆಟ್ ಹೂವಿನ ಪಾನಕ ಆಗ ಔಷಧಿ ಅಂಗಡಿಗಳಲ್ಲಿ ಸಿಗುತ್ತಿತ್ತು. ಬಿಳಿ ಕಾಗದದ ಮೇಲೆ ಅದರ ನೀಲಿ ಹನಿ ಬಿಟ್ಟು, ಹುಳಿಯಾದ ದ್ರವ ತಾಗಿಸಿದರೆ ಕೆಂಪು, ಬೂದಿಯ ತಿಳಿನೀರಿನಂಥದ್ದು ತಾಗಿಸಿದರೆ ಹಸಿರು! ಜಗತ್ತಿನ ದ್ರವಗಳನ್ನೆಲ್ಲ ನಾಲಿಗೆಗೆ ಹಚ್ಚದೆ, ಕಣ್ಣಿನಿಂದಲೇ ಎರಡು ಪಂಗಡ ಮಾಡುವ ದಾರಿ ಸಿಕ್ಕಿಬಿಟ್ಟಿತು. ನಮ್ಮ ಬೇಲಿಯ ಶಂಖಪುಷ್ಪವೂ ಇದೇ ಜಾತಿಯ ಜಾದೂಗಾರ. ಅದರ ಕಡುನೀಲಿ ಕಷಾಯಕ್ಕೆ ನಿಂಬೆ ಹಿಂಡಿದರೆ ನೇರಳೆಗೆ ತಿರುಗುತ್ತದೆ, ಅಡುಗೆ ಸೋಡ ಹಾಕಿದರೆ ಹಸಿರಿನತ್ತ ಹೊರಳುತ್ತದೆ.

ಬಣ್ಣ ಬದಲಾಗುವುದೇನೋ ಗೊತ್ತಾಯಿತು. ಹುಳಿಯೊಳಗೆ ಇರುವುದೇನು? ಫ್ರಾನ್ಸಿನ ಲವಾಸಿಯೆ ಅದು ಆಕ್ಸಿಜನ್ ಎಂದ. ಅವನಂಥ ಅವನೇ ಹೇಳಿದ ಮೇಲೆ ಯುರೋಪು ತಲೆಯಾಡಿಸಿತು. 1810ರ ಹೊತ್ತಿಗೆ ಲಂಡನ್ನಿನ ಹಂಫ್ರಿ ಡೇವಿ, ಇಂದು ನಾವು ಹೈಡ್ರೋಕ್ಲೋರಿಕ್ ಆಮ್ಲ ಎನ್ನುವ ಉಗ್ರ ಆಮ್ಲವನ್ನು ಎಷ್ಟು ಹಿಂಸಿಸಿದರೂ ಅದರಿಂದ ಆಕ್ಸಿಜನ್ ಹೊರಡಲಿಲ್ಲ. ಅದರಲ್ಲಿದ್ದದ್ದು ಹೈಡ್ರೋಜನ್ ಮತ್ತು ಕ್ಲೋರಿನ್, ಎರಡೇ. ಹುಳಿಯ ಗುಟ್ಟು ಹೈಡ್ರೋಜನ್ನಿನ ಕಡೆಗೆ ಬೆರಳು ತೋರಿತು.

ಹುಳಿಗಳ ಜಾತ್ರೆಯನ್ನೊಮ್ಮೆ ನೋಡಿ! ಹುಣಸೆಯಲ್ಲಿ ಟಾರ್ಟಾರಿಕ್ ಆಮ್ಲ, ನಿಂಬೆಯಲ್ಲಿ ಸಿಟ್ರಿಕ್, ಮೊಸರಿನಲ್ಲಿ ಲ್ಯಾಕ್ಟಿಕ್. ಉತ್ತರ ಕರ್ನಾಟಕದ ಎರೆ ಹೊಲಗಳಲ್ಲಿ ಚಳಿಗಾಲದ ಬೆಳಗಿನ ಜಾವ ಕಡಲೆ ಗಿಡಗಳ ನಡುವೆ ಬರಿಗಾಲಲ್ಲಿ ನಡೆದವರಿಗೆ ಕಾಲು ಚುರುಗುಟ್ಟುವ ಅನುಭವ ಗೊತ್ತು. ಕಡಲೆ ಎಲೆಯ ಮೇಲಿರುವ ಸಣ್ಣ ಸಣ್ಣ ರೋಮಗಳ ತುದಿಯಿಂದ ಮ್ಯಾಲಿಕ್ ಮತ್ತು ಆಕ್ಸಾಲಿಕ್ ಆಮ್ಲ ಒಸರುತ್ತದೆ. ರಾತ್ರಿ ಗಿಡಗಳ ಮೇಲೆ ಬಿಳಿ ಬಟ್ಟೆ ಹಾಸಿ, ಇಬ್ಬನಿಯೊಂದಿಗೆ ಅದನ್ನು ಹೀರಿಸಿ, ಬೆಳಿಗ್ಗೆ ಹಿಂಡಿ ಸೀಸೆಗೆ ತುಂಬಿಟ್ಟುಕೊಂಡರೆ ಅದೇ ಕಡಲೆ ಹುಳಿ. ಗಿಡವೊಂದು ಬಟ್ಟೆಗೆ ಆಮ್ಲ ಬರೆದುಕೊಡುತ್ತದೆ! ಇತ್ತ ಮಲೆನಾಡಿಗೆ ಬಂದರೆ ಮರದ ಎಲೆ ಹೊಲಿದು ಗೂಡು ಕಟ್ಟುವ ಚಗಳಿ ಇರುವೆಗಳನ್ನು ಹುರಿದು ಅರೆದ ಚಟ್ನಿ. ಅದರ ಹುಳಿ ಫಾರ್ಮಿಕ್ ಆಮ್ಲದ್ದು. 1671ರಲ್ಲಿ ಇಂಗ್ಲೆಂಡಿನ ಜಾನ್ ರೇ ಇರುವೆಗಳ ರಾಶಿಯನ್ನೇ ಬಟ್ಟಿ ಇಳಿಸಿ ಪಡೆದ ಆಮ್ಲವೂ ಇದೇ.

ಹಣ್ಣು, ಹಾಲು, ಎಲೆ, ಇರುವೆ. ಅಣುಗಳ ಆಕಾರಕ್ಕೆ ಒಂದಕ್ಕೊಂದು ಸಂಬಂಧವೇ ಇಲ್ಲ. ಆದರೂ ನಾಲಿಗೆ ಎಲ್ಲದಕ್ಕೂ ‘ಹುಳಿ’ ಎಂಬ ಒಂದೇ ತೀರ್ಪು ಕೊಡುವುದು ಹೇಗೆ? ಏಕೆಂದರೆ ನಾಲಿಗೆ ಆ ಅಣುಗಳನ್ನು ಎಣಿಸುವುದಕ್ಕಿಂತ ಹೆಚ್ಚಾಗಿ ಅವು ನೀರಿನಲ್ಲಿ ಉದುರಿಸಿದ ಪ್ರೋಟಾನುಗಳನ್ನು ಗಮನಿಸುತ್ತದೆ. ನಾಲಿಗೆಯ ಹುಳಿಗ್ರಾಹಿ ಕೋಶಗಳ ಗೋಡೆಯಲ್ಲಿ ಪ್ರೋಟಾನುಗಳಿಗೆಂದೇ ಒಂದು ಕಿಂಡಿಯಿದೆ. ಒಟಾಪ್-1 ಎಂಬ ಆ ಪ್ರೋಟೀನಿನ ಗುರುತು ಸಿಕ್ಕಿದ್ದು 2018-19ರಲ್ಲಿ, ಮೊನ್ನೆ ಮೊನ್ನೆ! ಸಾವಿರಾರು ವರ್ಷ ಹುಳಿ ತಿಂದ ನಾವು ಅದು ನಾಲಿಗೆಯ ಯಾವ ಬಾಗಿಲಿಂದ ಒಳಬರುತ್ತದೆ ಎಂದು ತಿಳಿದದ್ದು ಇಷ್ಟು ತಡವಾಗಿ.

ಬಟ್ಟೆಯಿಲ್ಲದ ಪರಮಾಣು

ಆಮ್ಲಗಳು ನೀರಿಗೆ ಬಿದ್ದೊಡನೆ ಒಡೆದು ವಿದ್ಯುದಾವೇಶದ ತುಣುಕುಗಳಾಗುತ್ತವೆ ಎಂದು ಸ್ವೀಡನ್ನಿನ ಸ್ವಾಂಟೆ ಅರೇನಿಯಸ್ 1884ರ ತನ್ನ ಪ್ರಬಂಧದಲ್ಲಿ ವಾದ ಹೂಡಿದ. ಉಪ್ಸಾಲ ವಿಶ್ವವಿದ್ಯಾಲಯದ ಪರೀಕ್ಷಕರಿಗೆ ಅದು ರುಚಿಸಲಿಲ್ಲ, ಕೆಳದರ್ಜೆ ಕೊಟ್ಟು ಕಳಿಸಿದರು. ಅದೇ ವಿಚಾರಕ್ಕೆ 1903ರಲ್ಲಿ ನೊಬೆಲ್ ಬಂತು!

ಅವನ ಪರವಾಗಿ ನಿಂತ ಸಾಕ್ಷಿಗಳಲ್ಲಿ ಒಂದು ಎಂಥವರನ್ನೂ ಚಕಿತಗೊಳಿಸುವಂಥದ್ದು. ಯಾವುದೇ ಪ್ರಬಲ ಆಮ್ಲವನ್ನು ಯಾವುದೇ ಪ್ರಬಲ ಕ್ಷಾರಕ್ಕೆ ಬೆರೆಸಿ, ಒಂದು ಮೋಲ್ ನೀರು ಹುಟ್ಟುವಾಗ ಹೊಮ್ಮುವ ಶಾಖ ಸುಮಾರು 57 ಕಿಲೋಜೂಲ್. ಹೈಡ್ರೋಕ್ಲೋರಿಕ್ ಇರಲಿ, ನೈಟ್ರಿಕ್ ಇರಲಿ. ಕಾಸ್ಟಿಕ್ ಸೋಡ ಇರಲಿ, ಕಾಸ್ಟಿಕ್ ಪೊಟ್ಯಾಶ್ ಇರಲಿ, ಅಂಕಿ ಹೆಚ್ಚುಕಡಿಮೆ ಅದೇ! ಬೇರೆ ಬೇರೆ ವಸ್ತುಗಳು ಕೂಡಿದಾಗ ಒಂದೇ ಬಿಸಿ ಏಕೆ? ಅಲ್ಲಿ ನಿಜಕ್ಕೂ ಕೂಡುತ್ತಿರುವುದು ಆಮ್ಲದ ಪ್ರೋಟಾನ್ ಮತ್ತು ಕ್ಷಾರದ ಹೈಡ್ರಾಕ್ಸೈಡ್ ಮಾತ್ರ. ಉಳಿದವರೆಲ್ಲ ಮದುವೆಗೆ ಬಂದು ಊಟ ಮಾಡಿ ಹೋಗುವ ನೆಂಟರು.

ಪ್ರೋಟಾನ್ ಎಷ್ಟು ವಿಚಿತ್ರ ಕಣ ಗೊತ್ತೆ? ಹೈಡ್ರೋಜನ್ ಪರಮಾಣುವಿಗೆ ಇರುವುದೇ ಒಂದು ಎಲೆಕ್ಟ್ರಾನ್. ಅದೂ ಹೋದ ಮೇಲೆ ಉಳಿಯುವುದು ಬೆತ್ತಲೆ ನ್ಯೂಕ್ಲಿಯಸ್. ರಸಾಯನಶಾಸ್ತ್ರದ ಬೇರೆ ಯಾವ ಸಾಮಾನ್ಯ ಅಯಾನಿಗೂ ಈ ಗತಿ ಇಲ್ಲ, ಎಲ್ಲಕ್ಕೂ ಮೈಮೇಲೆ ಒಂದಿಷ್ಟಾದರೂ ಎಲೆಕ್ಟ್ರಾನುಗಳ ಹೊದಿಕೆ ಇರುತ್ತದೆ. ಪ್ರೋಟಾನಿನ ಅಗಲ ಪರಮಾಣುವಿನ ಅಗಲದ ಅಂದಾಜು ಲಕ್ಷದಲ್ಲೊಂದು ಪಾಲು. ಅಷ್ಟು ಸಣ್ಣ ಜಾಗದಲ್ಲಿ ಅಷ್ಟೂ ಧನಾವೇಶ! ಹಾಗಾಗಿ ನೀರಿನಲ್ಲಿ ಅದು ಒಂಟಿಯಾಗಿ ಕ್ಷಣವೂ ನಿಲ್ಲಲಾರದು. ಸಿಕ್ಕ ನೀರಿನ ಅಣುವಿಗೆ ಅಂಟಿಕೊಂಡು ಅದನ್ನು ಹೈಡ್ರೋನಿಯಂ ಆಗಿ ಮಾಡುತ್ತದೆ.

ಅಂಟಿಕೊಂಡರೂ ಸುಮ್ಮನಿರುವುದಿಲ್ಲ. ಒಂದು ನೀರಿನ ಅಣು ಪ್ರೋಟಾನೊಂದನ್ನು ಪಡೆದ ಕೂಡಲೇ ತನ್ನಲ್ಲಿದ್ದ ಇನ್ನೊಂದನ್ನು ಪಕ್ಕದ ಅಣುವಿಗೆ ದಾಟಿಸುತ್ತದೆ. ಅದು ಮತ್ತೊಂದಕ್ಕೆ, ಅದು ಮಗದೊಂದಕ್ಕೆ. ಈ ತುದಿಯಲ್ಲಿ ಹೊರಟ ಪ್ರೋಟಾನ್ ಬೇರೆ, ಆ ತುದಿಯಲ್ಲಿ ತಲುಪಿದ ಪ್ರೋಟಾನ್ ಬೇರೆ! ಸೋಡಿಯಂ ಅಯಾನು ನೀರನ್ನು ಸೀಳಿಕೊಂಡು ಹೋಗಬೇಕು. ಪ್ರೋಟಾನ್ ಹೀಗೆ ದಾಟುವುದರಿಂದಲೇ ಅದಕ್ಕಿಂತ ಸುಮಾರು ಏಳು ಪಟ್ಟು ವೇಗ. ಈ ದಾಟಿಸುವ ಸಾಲನ್ನು ಮೊದಲು ಊಹಿಸಿದ್ದು 1806ರಲ್ಲಿ, ಇಪ್ಪತ್ತೊಂದರ ಹರೆಯದ ಥಿಯೊಡರ್ ಗ್ರೊಟ್ಟುಸ್. ಪ್ರೋಟಾನ್ ಎಂಬ ಕಣವಿದೆಯೆಂದು ಆಗ ಜಗತ್ತಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ನೀರಿನ ಸೂತ್ರವೇ ಇನ್ನೂ ಇತ್ಯರ್ಥವಾಗಿರಲಿಲ್ಲ!

ಇಂಥ ಕಣವನ್ನು ಅಳೆಯುವ ಕೋಲು ಬಂದದ್ದು ಬಿಯರ್ ಕಂಪನಿಯೊಂದರ ಪ್ರಯೋಗಾಲಯದಿಂದ. ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ ಕಿಣ್ವಗಳ ಮೇಲೆ ಕೆಲಸ ಮಾಡುತ್ತಿದ್ದ ಸೊರೆನ್ಸನ್‌ಗೆ ಪ್ರೋಟಾನುಗಳ ಲೆಕ್ಕ ಬರೆದು ಬರೆದು ಸಾಕಾಗಿರಬೇಕು. ದಶಾಂಶ ಬಿಂದುವಿನ ನಂತರ ಸಾಲುಸಾಲು ಸೊನ್ನೆ. 1909ರಲ್ಲಿ ಆತ ಪಿಎಚ್ ಎಂಬ ಮಾಪನ ತಂದ. ಅದರಲ್ಲಿ ಒಂದು ಮೆಟ್ಟಿಲು ಇಳಿದರೆ ಪ್ರೋಟಾನುಗಳ ಸಾಂದ್ರತೆ ಹತ್ತು ಪಟ್ಟು ಏರುತ್ತದೆ. ನಿಂಬೆರಸದ ಪಿಎಚ್ ಅಂದಾಜು 2.4, ಸುಣ್ಣದ ತಿಳಿಯದು ಸುಮಾರು 12.4. ವ್ಯತ್ಯಾಸ ಬರೀ ಹತ್ತು ಎಂದುಕೊಂಡಿರಾ? ಹತ್ತು ಮೆಟ್ಟಿಲು ಎಂದರೆ ಸಾವಿರ ಕೋಟಿ ಪಟ್ಟು! ಮೊದಲು ನೋಡಿದ ಲೋಟದಲ್ಲಿ ನೀವು ಚಮಚ ತಿರುಗಿಸುತ್ತ ದಾಟಿದ್ದು ಇಂಥ ಕಂದರವನ್ನು.

ಬೂದಿಯೂ ಸುಣ್ಣವೂ

ಈಗ ಆಚೆ ದಡಕ್ಕೆ ಬನ್ನಿ. ಪ್ರೋಟಾನನ್ನು ಪಡೆಯುವುದೆಲ್ಲ ಪ್ರತ್ಯಾಮ್ಲ. ಅವುಗಳಲ್ಲಿ ನೀರಿಗೆ ಕರಗುವವು ಕ್ಷಾರ. ಕ್ಷಾರಗಳೆಲ್ಲ ಪ್ರತ್ಯಾಮ್ಲಗಳೇ, ಆದರೆ ಪ್ರತ್ಯಾಮ್ಲಗಳೆಲ್ಲ ಕ್ಷಾರಗಳಾಗಲಾರವು. ಅಟ್ಟದಲ್ಲಿ ಕೂತು ಮಂಕಾದ ತಾಮ್ರದ ತಂಬಿಗೆಯನ್ನು ಕೆಳಗಿಳಿಸಿ. ಅದರ ಮೈಮೇಲಿನ ಕಪ್ಪು ಪೊರೆ ತಾಮ್ರದ ಆಕ್ಸೈಡ್, ಒಂದು ಪ್ರತ್ಯಾಮ್ಲ. ನೀರಲ್ಲಿ ವಾರವಿಡೀ ನೆನೆಹಾಕಿದರೂ ಅದು ಜಪ್ಪಯ್ಯ ಎನ್ನದು. ಹುಣಸೆಹಣ್ಣು ಹಚ್ಚಿ ಉಜ್ಜಿದಿರೋ, ಟಾರ್ಟಾರಿಕ್ ಆಮ್ಲದ ಪ್ರೋಟಾನುಗಳು ಆ ಪೊರೆಯ ಆಕ್ಸಿಜನ್ನನ್ನು ಹೊತ್ತು ನೀರಾಗುತ್ತವೆ, ತಾಮ್ರ ಕರಗಿ ಹೋಗುತ್ತದೆ, ಒಳಗಿನ ಕೆಂಬಣ್ಣ ಥಳಥಳ!

ಕ್ಷಾರಗಳ ತವರು ಒಲೆ. ಕಟ್ಟಿಗೆಯ ಬೂದಿಯಲ್ಲಿ ಪೊಟ್ಯಾಸಿಯಂ ಕಾರ್ಬೊನೇಟ್ ಇರುತ್ತದೆ. ಮಡಿವಾಳರು ಬಟ್ಟೆ ಒಗೆಯಲು ತರುತ್ತಿದ್ದ ಸವಳು ಮಣ್ಣಿನಲ್ಲಿ ಸೋಡಿಯಂ ಕಾರ್ಬೊನೇಟ್. ಜಿಡ್ಡು ಬಿಡಿಸುವ ಶಕ್ತಿ ಎರಡಕ್ಕೂ ಬಂದದ್ದು ಕಾರ್ಬೊನೇಟಿನ ಕ್ಷಾರಗುಣದಿಂದ. ಸುಣ್ಣದ ನೀರಿನಲ್ಲಿ ಬೆರಳು ಉಜ್ಜಿದರೆ ನುಣುಪಾಗಿ ಜಾರುತ್ತದಲ್ಲ, ಆ ಜಾರು ಸುಣ್ಣದ್ದೇ ಎಂದು ತಿಳಿಯಬೇಡಿ. ನಿಮ್ಮದೇ ಚರ್ಮದ ಕೊಬ್ಬು ಅಲ್ಲಿಂದಲ್ಲೇ ಸಾಬೂನಾಗುತ್ತಿದೆ! ಕೌತುಕ ಇಲ್ಲೇ ಅಪಾಯಕ್ಕೂ ತಿರುಗುತ್ತದೆ. ಕೊಬ್ಬನ್ನೂ ಪ್ರೋಟೀನನ್ನೂ ಕರಗಿಸುತ್ತ ಹೋಗುವ ಕ್ಷಾರ, ಕಣ್ಣಿಗೆ ಬಿದ್ದರೆ ಆಮ್ಲಕ್ಕಿಂತ ಆಳಕ್ಕೆ ಇಳಿಯುತ್ತದೆ. ಸುಣ್ಣದ ಡಬ್ಬಿ ಮಕ್ಕಳ ಕೈಗೆ ಸಿಗಬಾರದು. ಕಣ್ಣಿಗೆ ಸಿಡಿದರೆ ತಕ್ಷಣ ಧಾರಾಳ ನೀರಿನಿಂದ ತೊಳೆಯುತ್ತ ವೈದ್ಯರ ಬಳಿ ಓಡಬೇಕು.

ಸುಣ್ಣದ ಜನ್ಮವೃತ್ತಾಂತವೂ ಕಡಿಮೆಯದಲ್ಲ. ಕರಾವಳಿಯ ಅಳಿವೆಗಳಲ್ಲಿ ಬಾಚಿದ ಚಿಪ್ಪನ್ನು, ಒಳನಾಡಿನ ಸುಣ್ಣಕಲ್ಲನ್ನು ಗೂಡಿನಲ್ಲಿ ಸುಮಾರು 900 ಡಿಗ್ರಿಗೆ ಸುಡುತ್ತಾರೆ. ಇಂಗಾಲದ ಡೈಆಕ್ಸೈಡ್ ಹೊರಟುಹೋಗಿ ಸುಟ್ಟ ಸುಣ್ಣ ಉಳಿಯುತ್ತದೆ. ಅದಕ್ಕೆ ನೀರು ಹೊಯ್ದರೆ ಬೆಂಕಿಯಿಲ್ಲದೆ ಕೊತಕೊತ ಕುದಿಯುತ್ತದೆ. ಆ ಅರಳಿದ ಸುಣ್ಣವನ್ನು ಗೋಡೆಗೆ ಬಳಿದ ಮೇಲೆ ಅದು ಗಾಳಿಯಿಂದ ಇಂಗಾಲದ ಡೈಆಕ್ಸೈಡನ್ನು ಮೆಲ್ಲಗೆ ಹೀರಿ ಮತ್ತೆ ಕಲ್ಲಾಗುತ್ತದೆ. ಸುಣ್ಣ ಬಳಿದ ಹಳೇ ಮನೆಯ ಗೋಡೆ ಎಂದರೆ ಚಿಪ್ಪು ಎರಡನೇ ಸಲ ಚಿಪ್ಪಾದ ಕಥೆ!

ಆಮ್ಲವೂ ಪ್ರತ್ಯಾಮ್ಲವೂ ಬೇರ್ಪಟ್ಟು ಮತ್ತೆ ಕೂಡುವುದನ್ನು ಕಣ್ಣಾರೆ ಕಾಣಬೇಕೆಂದರೆ ಕಲಾಯಿಯವರ ಕುಲುಮೆಯ ಮುಂದೆ ಕೂರಬೇಕು. ಹಿತ್ತಾಳೆ ಪಾತ್ರೆಯಲ್ಲಿ ಹುಳಿ ಕುದಿಸಿದರೆ ಲೋಹ ಸಾರಿಗೆ ಇಳಿಯುತ್ತದೆ, ಅದಕ್ಕಾಗಿ ಒಳಮೈಗೆ ತವರದ ಲೇಪ. ಪಾತ್ರೆಯನ್ನು ಕೆಂಡದ ಮೇಲೆ ಚೆನ್ನಾಗಿ ಕಾಯಿಸಿ, ಅರಳೆಯಿಂದ ನವಸಾಗರದ ಪುಡಿಯನ್ನು ತಿಕ್ಕುತ್ತಾರೆ. ಭುಗ್ಗನೆ ದಟ್ಟ ಬಿಳಿ ಹೊಗೆ, ಮೂಗಿಗೆ ಘಾಟು! ನವಸಾಗರವೆಂದರೆ ಅಮೋನಿಯಂ ಕ್ಲೋರೈಡ್. ಬಿಸಿ ತಾಗಿದೊಡನೆ ಅದರೊಳಗಿನ ಪ್ರೋಟಾನ್ ಪಕ್ಷ ಬದಲಿಸುತ್ತದೆ. ಅಮೋನಿಯ ಎಂಬ ಪ್ರತ್ಯಾಮ್ಲ ಒಂದು ಕಡೆ, ಹೈಡ್ರೋಜನ್ ಕ್ಲೋರೈಡ್ ಎಂಬ ಆಮ್ಲ ಇನ್ನೊಂದು ಕಡೆ. ಆಮ್ಲ ಲೋಹದ ಮೇಲಿನ ಆಕ್ಸೈಡ್ ಪೊರೆಯನ್ನು ತಿಂದು ಹಸನು ಮಾಡಿದ ಜಾಗದಲ್ಲಿ ತವರ ಬೆಳ್ಳಿಯಂತೆ ಹರಿದು ಹಿಡಿಯುತ್ತದೆ. ಉಳಿದ ಆಮ್ಲವೂ ಅಮೋನಿಯವೂ ಮೇಲಿನ ತಂಪುಗಾಳಿಯಲ್ಲಿ ಮತ್ತೆ ಎದುರಾಗುತ್ತವೆ, ಪ್ರೋಟಾನ್ ಮತ್ತೆ ಕೈ ಬದಲಿಸುತ್ತದೆ. ನೀವು ನೋಡುವ ಆ ಬಿಳಿ ಹೊಗೆ ಗಾಳಿಯಲ್ಲೇ ಮರುಹುಟ್ಟು ಪಡೆದ ನವಸಾಗರ!

ನೀರೇ ನೀರಿಗೆ ಆಮ್ಲ

ಇಷ್ಟೆಲ್ಲ ನಡೆಯುವ ರಂಗಸ್ಥಳವಾದ ನೀರನ್ನು ನಾವು ಸಪ್ಪೆ ಎಂದು ಬಿಟ್ಟುಬಿಡುತ್ತೇವೆ. ಏನೂ ಬೆರೆಸದ ಪರಿಶುದ್ಧ ನೀರಿನಲ್ಲೂ ಒಂದು ಅಣು ಇನ್ನೊಂದಕ್ಕೆ ಪ್ರೋಟಾನ್ ಕೊಡುತ್ತಲೇ ಇರುತ್ತದೆ. ಕೊಟ್ಟದ್ದು ಆಮ್ಲ, ಪಡೆದದ್ದು ಪ್ರತ್ಯಾಮ್ಲ, ಎರಡೂ ನೀರೇ! 25 ಡಿಗ್ರಿಯಲ್ಲಿ ಸುಮಾರು 55 ಕೋಟಿ ಅಣುಗಳಿಗೆ ಒಂದು ಹೀಗೆ ಒಡೆದಿರುತ್ತದೆ. ಅಪರೂಪ ಅನಿಸಿತೆ? ಒಂದೇ ಹನಿಯಲ್ಲಿ ಅಂಥವು ಸುಮಾರು ಮೂರು ಲಕ್ಷ ಕೋಟಿ. ಒಂದು ನೀರಿನ ಅಣು ಸರಾಸರಿ ಹತ್ತು-ಹನ್ನೊಂದು ಗಂಟೆಗೊಮ್ಮೆ ಒಡೆಯುತ್ತದೆ. ಹಾಗೆ ಹೊರಬಿದ್ದ ಪ್ರೋಟಾನಿಗೆ ಇನ್ನೊಂದು ಹೈಡ್ರಾಕ್ಸೈಡ್ ಸಿಗಲು ಒಂದು ಸೆಕೆಂಡಿನ ಹತ್ತು ಸಾವಿರದಲ್ಲೊಂದು ಪಾಲೂ ಬೇಡ. ಇಷ್ಟು ಕ್ಷಿಪ್ರವಾದುದನ್ನು ಅಳೆಯುವುದು ಅಸಾಧ್ಯವೆಂದೇ ಎಲ್ಲರೂ ಕೈಚೆಲ್ಲಿದ್ದರು. ಜರ್ಮನಿಯ ಮ್ಯಾನ್‌ಫ್ರೆಡ್ ಐಗನ್ 1950ರ ದಶಕದಲ್ಲಿ ಅದನ್ನೂ ಅಳೆದುಬಿಟ್ಟ, 1967ರಲ್ಲಿ ನೊಬೆಲ್ ಪಡೆದ.

ನೀರನ್ನು ಕುದಿಸಿದರೆ ಒಡೆಯುವ ಅಣುಗಳು ಹೆಚ್ಚುತ್ತವೆ, ಪಿಎಚ್ ಸುಮಾರು 6.1ಕ್ಕೆ ಇಳಿಯುತ್ತದೆ. ಹಾಗಂತ ಕುದಿಯುವ ನೀರು ಹುಳಿಯಾಯಿತೆ? ಖಂಡಿತ ಇಲ್ಲ. ಪ್ರೋಟಾನಿನಷ್ಟೇ ಹೈಡ್ರಾಕ್ಸೈಡೂ ಹೆಚ್ಚಿದೆ, ತಕ್ಕಡಿ ಸಮವಾಗಿಯೇ ನಿಂತಿದೆ. ಪಾಠದಲ್ಲಿ ಕಲ್ಲಿನ ಮೇಲೆ ಕೆತ್ತಿಟ್ಟಂತಿದ್ದ ‘ಏಳು’ ಎಂಬ ಅಂಕಿ 25 ಡಿಗ್ರಿಯ ಆಸುಪಾಸಿನ ಮಾತು ಮಾತ್ರ!

1923ರಲ್ಲಿ ಕೋಪನ್‌ಹೇಗನ್ನಿನ ಬ್ರಾನ್‌ಸ್ಟೆಡ್ ಮತ್ತು ಇಂಗ್ಲೆಂಡಿನ ಲೌರಿ, ಒಬ್ಬರಿಗೊಬ್ಬರು ತಿಳಿಯದಂತೆ, ಪ್ರೋಟಾನ್ ಕೊಡುವುದು ಆಮ್ಲ, ಪಡೆಯುವುದು ಪ್ರತ್ಯಾಮ್ಲ ಎಂಬುದನ್ನೇ ಸೂತ್ರವಾಗಿ ಹೇಳಿದರು. ಅಂದಿನಿಂದ ಆಮ್ಲ ಎಂಬುದು ಸೀಸೆಯ ಮೇಲಿನ ಚೀಟಿಯಾಗಿ ಉಳಿಯಲಿಲ್ಲ, ಅದೊಂದು ಪಾತ್ರವಾಯಿತು. ವಿನೆಗರಿನ ಅಸಿಟಿಕ್ ಆಮ್ಲ ನೀರಿನೆದುರು ಆಮ್ಲವಾದರೆ, ಅಪ್ಪಟ ಗಂಧಕಾಮ್ಲದೆದುರು ಪ್ರತ್ಯಾಮ್ಲವಾಗಿ ಕೈಚಾಚುತ್ತದೆ! ಎದುರಿಗೆ ಯಾರಿದ್ದಾರೆ ಎಂಬುದರ ಮೇಲೆ ಎಲ್ಲ ನಿಂತಿದೆ.

ನಮ್ಮೊಳಗಿನ ಗಿರಣಿ

ಈಗ ಉಸಿರು ಕಟ್ಟಿ ಹಿಡಿಯಿರಿ. ಒಂದು ನಿಮಿಷ ಕಳೆಯುವುದರೊಳಗೆ ಎದೆ ಚಡಪಡಿಸುತ್ತದೆ. ಆ ಚಡಪಡಿಕೆ ಮುಖ್ಯವಾಗಿ ಆಕ್ಸಿಜನ್ ಮುಗಿದದ್ದರಿಂದ ಬಂದದ್ದಲ್ಲ. ಹೊರಹೋಗದ ಇಂಗಾಲದ ಡೈಆಕ್ಸೈಡ್ ರಕ್ತದ ನೀರಿನಲ್ಲಿ ಕಾರ್ಬಾನಿಕ್ ಆಮ್ಲವಾಗಿ ಪ್ರೋಟಾನ್ ಉದುರಿಸುತ್ತಿದೆ, ಮಿದುಳಿನ ಬುಡದಲ್ಲಿರುವ ಕಾವಲು ಕೋಶಗಳು ಅದನ್ನು ಮೂಸಿ ‘ಉಸಿರು ಬಿಡು’ ಎಂದು ಕೂಗುತ್ತಿವೆ! ರಕ್ತದ ಪಿಎಚ್ 7.35ರಿಂದ 7.45ರ ಇಕ್ಕಟ್ಟಿನಲ್ಲೇ ಇರಬೇಕು. ಪ್ರತಿ ಉಸಿರಿನಲ್ಲೂ ನಾವು ಆಮ್ಲವನ್ನು ಗಾಳಿಗೆ ಚೆಲ್ಲುತ್ತಿದ್ದೇವೆ.

ಇನ್ನೂ ಒಳಕ್ಕೆ ಇಳಿದರೆ, ಕೋಶದೊಳಗಿನ ಮೈಟೊಕಾಂಡ್ರಿಯ. ತಿಂದ ಅನ್ನದ ಶಕ್ತಿಯನ್ನು ಅದು ಏನು ಮಾಡುತ್ತದೆ? ಪ್ರೋಟಾನುಗಳನ್ನು ತೆಳುಪೊರೆಯೊಂದರ ಆಚೆಗೆ ತಳ್ಳಿ ತಳ್ಳಿ ಗುಡ್ಡೆ ಹಾಕುತ್ತದೆ. 1961ರಲ್ಲಿ ಬ್ರಿಟನ್ನಿನ ಪೀಟರ್ ಮಿಚೆಲ್ ಹೀಗೆಂದಾಗ ನಂಬಿದವರು ಕಡಿಮೆ. 1978ರಲ್ಲಿ ನೊಬೆಲ್ ಅವನೊಬ್ಬನಿಗೇ ಬಂತು. ಆಚೆ ಒತ್ತರಿಸಿಕೊಂಡ ಪ್ರೋಟಾನುಗಳು ವಾಪಸ್ ನುಗ್ಗುವ ದಾರಿಯಲ್ಲಿ, ಕೋಶಕ್ಕೆ ಶಕ್ತಿ ಒದಗಿಸುವ ಎಟಿಪಿ ಅಣುಗಳನ್ನು ತಯಾರಿಸುವ ಎಟಿಪಿ ಸಿಂಥೇಸ್ ಎಂಬ ಪ್ರೋಟೀನ್ ಯಂತ್ರವಿದೆ. ಅದು ನಿಜಕ್ಕೂ ತಿರುಗುತ್ತದೆ! 1997ರಲ್ಲಿ ಜಪಾನಿನ ವಿಜ್ಞಾನಿಗಳು ಅದಕ್ಕೊಂದು ಹೊಳೆಯುವ ಎಳೆ ಕಟ್ಟಿ, ಗರಗರ ಸುತ್ತುವುದನ್ನು ಸೂಕ್ಷ್ಮದರ್ಶಕದಲ್ಲಿ ಕಂಡರು. ನಮ್ಮಂಥ ಪ್ರಾಣಿಗಳಲ್ಲಿ ಎಂಟು ಪ್ರೋಟಾನ್ ದಾಟಿದರೆ ಒಂದು ಸುತ್ತು, ಒಂದು ಸುತ್ತಿಗೆ ಮೂರು ಎಟಿಪಿ. ಹೀಗೆ ದಿನವೊಂದಕ್ಕೆ ತಯಾರಾಗಿ ಖರ್ಚಾಗುವ ಎಟಿಪಿಯ ತೂಕ ಹೆಚ್ಚುಕಡಿಮೆ ನಮ್ಮ ದೇಹದ ತೂಕದಷ್ಟು!

ಹೊಟ್ಟೆಯ ಗೋಡೆಯಲ್ಲೂ ಪ್ರೋಟಾನ್ ದಾಟಿಸುವ ಯಂತ್ರವೊಂದಿದೆ, ಆದರೆ ಕೆಲಸ ತಿರುಗುಮುರುಗು. ಅದು ಎಟಿಪಿ ಖರ್ಚು ಮಾಡಿ ಪ್ರೋಟಾನುಗಳನ್ನು ಜಠರಕ್ಕೆ ತಳ್ಳುತ್ತದೆ, ರಕ್ತದಲ್ಲಿ ಇರುವುದಕ್ಕಿಂತ ಸುಮಾರು ಹತ್ತು ಲಕ್ಷ ಪಟ್ಟು ಸಾಂದ್ರವಾಗಿ. ಬೆಳಿಗ್ಗೆ ಖಾಲಿ ಹೊಟ್ಟೆಗೆ ‘ಗ್ಯಾಸ್ ಮಾತ್ರೆ’ ಎಂದು ನುಂಗುವ ಪ್ಯಾಂಟೊಪ್ರಝೋಲ್ ಕಟ್ಟಿಹಾಕುವುದು ಈ ಪಂಪನ್ನೇ. ಎದೆಯುರಿ ಎಂದು ಒದ್ದಾಡುವವರ ದೂರು ವೈದ್ಯರ ಮಟ್ಟಿಗೆ ನ್ಯಾಯವಾದದ್ದೇ. ರಸಾಯನಶಾಸ್ತ್ರದ ಮಟ್ಟಿಗೆ ಮಾತ್ರ ಅಪರಾಧಿ ಪ್ರೋಟಾನ್ ಅಲ್ಲ, ಅದು ನಿಂತ ಜಾಗ. ಜಠರದಲ್ಲಿದ್ದರೆ ಜೀರ್ಣ, ಅನ್ನನಾಳಕ್ಕೆ ಏರಿದರೆ ಉರಿ, ರಕ್ತದಲ್ಲಿ ಹೆಚ್ಚಿದರೆ ಏದುಸಿರು, ಪೊರೆಯ ಆಚೆ ಗುಡ್ಡೆಯಾದರೆ ಬದುಕು. ಆ ಪೊರೆಯ ಎರಡೂ ಬದಿಯಲ್ಲಿ ಪ್ರೋಟಾನುಗಳು ಸಮಸಮವಾದ ದಿನ ಯಂತ್ರ ನಿಲ್ಲುತ್ತದೆ, ನಾವೂ ನಿಲ್ಲುತ್ತೇವೆ. ಜೀವ ಇರುವಷ್ಟು ಹೊತ್ತೂ ನಮ್ಮೊಳಗೆ ಒಂದು ಬದಿ ಇನ್ನೊಂದಕ್ಕಿಂತ ತುಸು ಹುಳಿಯಾಗಿಯೇ ಇರಬೇಕು!